ಅಕ್ಕಯ್ಯಮ್ಮ ಮಲಗುತ್ತಿದ್ದ ಜಾಗ

ರಾಣಿ ಚೊಂಬೆತ್ತಿ ಅತ್ತೆಯ ತಲೆಯ ಮೇಲೆ ನೀರು ಸುರಿಯಬೇಕು ಎನ್ನುವಷ್ಟರಲ್ಲಿ ಪಿಳ್ಳಮ್ಮ ಅದನ್ನು ಕಿತ್ತುಕೊಂಡಳು.

“ಬದುಕಿದ್ದಾಗ ಒಂದು ಲೋಟ ಬಿಸ್ನೀರು ಕೊಟ್ಟಿದ್ರೆ ಸಾಕಾಗಿತ್ತು. ಈಗ ಬ್ಯಾಡ ಬುಡು.”

ಪಿಳ್ಳಮ್ಮ ಸತ್ತ ಅಕ್ಕಯ್ಯಮ್ಮನ ಮಗಳು, ರಾಣಿಯ ನಾದಿನಿ. ವರ್ಷಕ್ಕೊಮ್ಮೆ ಗೌರಿಹಬ್ಬದ ಬಾಗಿನಕ್ಕೆ ಯಲಹಂಕದಿಂದ ಬಂದು, ಸೀರೆ ಸರಿಯಿಲ್ಲವೆಂದು ಮೂತಿ ತಿರುವಿಕೊಂಡು ಹೋಗುತ್ತಿದ್ದವಳಿಗೆ ಇಂದು ತಾಯಿಯ ಮೇಲಿನ ಪ್ರೀತಿ ಉಕ್ಕಿ ಹರಿಯುತ್ತಿತ್ತು. ರಾಣಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಿಂದೆ ಸರಿದಳು. ಜಕ್ಕೂರಿನ ಹಳೇ ಊರಿನವರೆಲ್ಲ ಅಂಗಳದಲ್ಲಿದ್ದರು. ಶಾಮಿಯಾನದ ಕೆಳಗೆ ಕುರ್ಚಿ ಹಿಡಿದು ಕೂತ ಹೆಂಗಸರು ಪಿಸುಮಾತಾಡುತ್ತಿದ್ದರು. ಪಿಸುಮಾತೆಂದರೆ ಯಾರಿಗೆ ಕೇಳಬೇಕೋ ಅವರಿಗೆ ಚೆನ್ನಾಗಿ ಕೇಳುವಷ್ಟು.

“ಮಹಡಿ ಪ್ಯಾಸೇಜಲ್ಲಿ ಮಲಗುಸ್ತಿದ್ಳಂತೆ. ಬರೀ ಟೈಲ್ಸ್ ಮ್ಯಾಲೆ ಒಂದು ಚಾಪೆ.”

“ಈ ಚಳೀಲಾ? ಅದ್ಕೇ ಎದೆ ಕಟ್ಕೊಂಡಿದ್ದು.”

“ಮೂರಂತಸ್ತಿನ ಮನೆ. ಮುದುಕಿಗೊಂದು ಮಂಚಕ್ಕೆ ಜಾಗ ಇಲ್ಲ.”

“ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಬತ್ತದೆ ಅವಳ್ಗೂ.”

ಕೆಳಗಿನ ಕೋಣೆಯಲ್ಲಿ ಮಂಚವಿತ್ತು, ಹಾಸಿಗೆಯಿತ್ತು, ಹೊಸ ರಗ್ಗೂ ಇತ್ತು. ಯಾರೂ ಇಣುಕಿ ನೋಡಲಿಲ್ಲ. ರಾಣಿ ಗಂಡನ ಬಳಿಗೆ ಹೋದಳು. ಅಶ್ವತ್ಥಪ್ಪ ಶಾಮಿಯಾನದ ಹಗ್ಗವನ್ನು ಜೀವಮಾನದಲ್ಲಿ ಮೊದಲ ಸಲ ನೋಡುವವನಂತೆ ನೋಡುತ್ತಿದ್ದ.

“ನೀವಾದ್ರೂ ಹೇಳ್ರೀ. ಅತ್ತೇನೇ ಹೋಗಿ ಮಲಗ್ತಿದ್ದಿದ್ದು ಅಂತ.”

“ಈಗ್ಯಾಕೆ ಅದೆಲ್ಲ. ಮಣ್ಣಾಗ್ಲಿ ಮೊದ್ಲು.”

ಹೆಂಡತಿಯ ಮಾನ ಉಳಿಸುವ ವಿಷಯ ಬಂದಾಗಲೆಲ್ಲ ಅಶ್ವತ್ಥಪ್ಪನಿಗೆ ಒಂದಲ್ಲ ಒಂದು ಮೊದಲ ಕೆಲಸ ಇದ್ದೇ ಇರುತ್ತಿತ್ತು.

*

ದೀಪಾವಳಿ ಕಳೆದ ಮೇಲೆ ಒಂದು ದಿನ ಅಕ್ಕಯ್ಯಮ್ಮ ಚಾಪೆ ಸುತ್ತಿಕೊಂಡು, ಮೆಟ್ಟಿಲು ಮೆಟ್ಟಿಲಿಗೂ “ಮುನೇಶ್ವರಾ” ಎನ್ನುತ್ತ ಮಹಡಿ ಹತ್ತಿದ್ದಳು. ಮೊಮ್ಮಗ ವಾಸುವಿನ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಹಾಸಿ ಮಲಗಿದಳು.

“ಇದೇನತ್ತೆ, ಕೆಳಗೆ ಮಂಚ ಇಲ್ವಾ?”

“ಅಲ್ಲಿ ಸೆಕೆ ಕಣವ್ವ.”

ಚಳಿಗಾಲ ಬಂದಾಗ, ಅಲ್ಲಿ ಸೊಳ್ಳೆ ಎಂದಳು. ಸೊಳ್ಳೆಬತ್ತಿ ಹಚ್ಚಿಕೊಟ್ಟರೆ, ಅದರ ಹೊಗೆ ಆಗದು ಎಂದಳು. ಊರ ಮುಂದೆ ತನ್ನ ಮಾನ ಕಳೆಯಲೆಂದೇ ಮುದುಕಿ ಹಟ ಹಿಡಿದಿದ್ದಾಳೆ ಎಂದು ರಾಣಿ ತೀರ್ಮಾನಿಸಿದಳು. ಬೈದಳು, ಚಾಪೆ ಬಚ್ಚಿಟ್ಟಳು. ಸಂಕ್ರಾಂತಿಯ ಹಿಂದಿನ ಸಂಜೆ ಸಿಟ್ಟು ತಡೆಯಲಾರದೆ ಒಂದು ಬಕೆಟ್ ಫಿನಾಯಿಲ್ ನೀರನ್ನು ಪ್ಯಾಸೇಜಿನ ತುಂಬ ಸುರಿದಳು. “ಈಗ ಎಲ್ಲಿ ಮಲಗ್ತೀರೋ ನೋಡ್ತೀನಿ!” ಅಕ್ಕಯ್ಯಮ್ಮ ಸೆರಗಿನಿಂದ ಒರೆಸಿದಷ್ಟು ಒರೆಸಿ, ಆ ಒದ್ದೆಯಲ್ಲೇ ಮೈ ಚೆಲ್ಲಿದಳು. ಕೆಮ್ಮು ಶುರುವಾದದ್ದು ಮಾರನೆಯ ದಿನ.

ಆ ಬಕೆಟ್ ನೀರಿನ ಸುದ್ದಿ ರಾಣಿ ಯಾರಿಗೂ ಹೇಳಿರಲಿಲ್ಲ.

ಬಾಗಿಲ ಒಳಗೆ ಮಲಗುತ್ತಿದ್ದ ವಾಸು ಇಂಜಿನಿಯರಿಂಗ್ ಎರಡನೇ ವರ್ಷದವನು. ಮೂರು ಸಬ್ಜೆಕ್ಟ್ ಬ್ಯಾಕ್ ಇದ್ದವು. ಗೆಳೆಯರು ಬಂದರೆ ಇಲ್ಲವೆನ್ನಿ ಎನ್ನುತ್ತಿದ್ದ. ದಸರಾ ರಜೆಯಲ್ಲಿ ಒಮ್ಮೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದ: “ಅಮ್ಮ, ಬೆಳಿಗ್ಗೆ ಏಳೋಕೇ ಮನಸ್ಸಾಗಲ್ಲ. ಏನೂ ಬೇಡ ಅನ್ಸುತ್ತೆ.”

“ರಾತ್ರಿಯೆಲ್ಲ ಮೊಬೈಲ್ ಉಜ್ಜಿದ್ರೆ ಇನ್ನೇನಾಗುತ್ತೆ?” ಎಂದಿದ್ದಳು ರಾಣಿ. ಆದರೂ ಹೆತ್ತ ಕರುಳು. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಸುಟ್ಟಳು. ಘಾಟು ಬರಲಿಲ್ಲ. ಭಾರೀ ದೃಷ್ಟಿಯೇ ಆಗಿತ್ತು, ಹೋಯಿತು ಎಂದು ನೆಮ್ಮದಿಯಾಗಿ ಒಗ್ಗರಣೆ ಹಾಕಿದಳು.

*

ಹೆಣವನ್ನು ಚಟ್ಟದ ಮೇಲೆ ಮಲಗಿಸಿದರು. ತಮಟೆಯವರು ಗೇಟಿನ ಬಳಿ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಿದ್ದರು. ಪಿಳ್ಳಮ್ಮ ತಾಯಿಯ ಪಾದ ಹಿಡಿದು ರಾಗವೆತ್ತಿದಳು.

“ಟೈಲ್ಸಿನ ಮ್ಯಾಲೆ ಮಲಗಿದ್ಯಾ ನನ್ನವ್ವಾ… ನಾಯಂಗೆ ಬಾಗ್ಲಲ್ಲಿ ಬಿದ್ದಿದ್ಯಾ ನನ್ನವ್ವಾ…”

ಅಳುವವರೆಲ್ಲ ರಾಣಿಯತ್ತ ನೋಡಿ ಅತ್ತರು. ರಾಣಿಯ ಮೈ ಉರಿದುಹೋಯಿತು. ಇಂದು ಸುಮ್ಮನಿದ್ದರೆ ಸಾಯುವ ತನಕ ಅತ್ತೆಯನ್ನು ಕೊಂದವಳೆಂಬ ಹೆಸರು ತಪ್ಪದು. ಕಾರಿನ ಶೆಡ್ಡಿನ ಮೂಲೆಯಲ್ಲಿ ಹೆಗಲಿಗೆ ಟವೆಲ್ ಹಾಕಿಕೊಂಡು ನಿಂತಿದ್ದ ಮಗನನ್ನು ರಟ್ಟೆ ಹಿಡಿದು ನಡು ಅಂಗಳಕ್ಕೆ ಎಳೆತಂದಳು.

“ಎಲ್ರ ಮುಂದೆ ಹೇಳು ವಾಸು. ಅಜ್ಜೀನ ಅಲ್ಲಿ ನಾನು ಮಲಗ್ಸಿದ್ನಾ?”

“ಇಲ್ಲ.”

“ಮತ್ಯಾಕೆ ಅಲ್ಲೇ ಮಲಗ್ತಿದ್ರು?”

“ಬೇಡ ಬಿಡಮ್ಮ.”

“ನನ್ನ ಮಾನ ಹೋಗ್ತಿದೆ ಕಣೋ ಇಲ್ಲಿ! ಬಾಯ್ಬಿಡೋ!”

ವಾಸು ಅಜ್ಜಿಯ ಮುಖ ನೋಡಿದ. ಆಮೇಲೆ ಯಾರನ್ನೂ ನೋಡದೆ ಹೇಳಿದ.

“ರಾತ್ರಿ ನಾನೇನಾದ್ರೂ ಮಾಡ್ಕೊಂಡ್‌ಬಿಡ್ತೀನಿ ಅಂತ. ಸಾಯ್ಬೇಕು ಅನ್ಸುತ್ತೆ ಅಂತ ಅಜ್ಜಿಗೆ ಹೇಳಿದ್ದೆ. ಯಾರಿಗೂ ಹೇಳಲ್ಲ ಅಂತ ಆಣೆ ಹಾಕಿಸ್ಕೊಂಡಿದ್ದೆ. ಅವತ್ತಿಂದ ಬಾಗಿಲು ಬಿಟ್ಟು ಹೋಗ್ಲಿಲ್ಲ.”

ಪಿಳ್ಳಮ್ಮನ ರಾಗ ಅರ್ಧಕ್ಕೇ ನಿಂತಿತು. ನಿಜ ಹೇಳಬೇಕೆಂದರೆ, ರಾಣಿಗೆ ಮೊದಲು ಆದದ್ದು ಸಮಾಧಾನ. ಕೇಳಿಸಿಕೊಂಡಿರಾ, ಎನ್ನುವಂತೆ ಅವಳು ಕುರ್ಚಿಗಳತ್ತ ಕತ್ತು ತಿರುಗಿಸಿದಳು. ಮಗ ಏನೆಂದ ಎನ್ನುವುದು ಅವಳೊಳಗೆ ಇಳಿದದ್ದು ಆಮೇಲೆ. ಅಷ್ಟರಲ್ಲಿ ಅವಳ ಬಾವ ಮುನಿವೆಂಕಟಯ್ಯ, ಅಕ್ಕಯ್ಯಮ್ಮನ ಹಿರಿಮಗ, ಮುಂದೆ ಬಂದಿದ್ದ.

“ಅಂಗಾದ್ರೆ ನಮ್ಮವ್ವನ್ನ ತಿಂದೋನು ನೀನೇ.”

“ಬಾವ, ಅವನು…”

“ನೀನ್ ಸುಮ್ಕಿರಮ್ಮ, ನಿಂದೇನೂ ತಪ್ಪಿಲ್ಲ. ಲೇ, ಸಾಯೋನು ಯಾವನ್ಲಾ ಯೋಳಿ ಸಾಯ್ತಾನೆ? ಓದಕ್ಕಾಗ್ದೆ ನಾಟ್ಕ ಆಡ್ದೆ, ಅವಳು ನಂಬ್ಕಂಡು ನಿನ್ನ ಕಾಯಕ್ಕೋಗಿ ಸತ್ಲು. ನೀನು ಚಟ್ಟ ಮುಟ್ಬೇಡ. ಎಗಲು ಕೊಡಕ್ಕೆ ಬೇರೆ ಮೊಮ್ಮಕ್ಕಳವ್ರೆ.”

“ಅಂಥ ಮಾತು ಮನೇಲಿ ಆಡಿದ್ರೇನೇ ಯಮ ಒಳಕ್ಕೆ ಬತ್ತಾನೆ,” ಎಂದಿತು ಕುರ್ಚಿಯೊಂದು. “ಸಾಯಬೇಕಾದೋನು ಇಲ್ಲವ್ನೆ. ಇನ್ನೊಂದಷ್ಟು ವರ್ಷ ಇರ್ಬೇಕಾದೋಳು ಒಂಟೋದ್ಲು,” ಎಂದಿತು ಇನ್ನೊಂದು. ಅಶ್ವತ್ಥಪ್ಪ ಇನ್ನೂ ಹಗ್ಗದ ಬಳಿಯೇ ಇದ್ದ.

ಪಿಳ್ಳಮ್ಮ ಬಂದು ರಾಣಿಯನ್ನು ಬಾಚಿ ತಬ್ಬಿಕೊಂಡಳು. “ತಪ್ಪಾಯ್ತು ಕಣೇ ನನ್ನವ್ವ, ಬಾಯಿಗೆ ಬಂದಂಗೆ ಅಂದ್ಬುಟ್ಟೆ.” ಬೆಳಗಿನಿಂದ ಹತ್ತಿರ ಸುಳಿಯದಿದ್ದ ಹೆಂಗಸರೆಲ್ಲ ಎದ್ದು ಬಂದರು. ಒಬ್ಬಳು ತಲೆ ಸವರಿದಳು, ಒಬ್ಬಳು ಕೈ ಹಿಡಿದಳು, ಒಬ್ಬಳು ಕತ್ತಿಗೆ ಜೋತುಬಿದ್ದು ಅತ್ತಳು. ರಾಣಿ ಆಸೆಪಟ್ಟಿದ್ದ ಮಾನ ಮೂಳೆ ಮುರಿಯುವ ಹಾಗೆ ಅವಳನ್ನು ಅಪ್ಪಿಕೊಂಡಿತ್ತು.

ಅವರ ಹೆಗಲುಗಳ ಸಂದಿಯಲ್ಲಿ ಅವಳಿಗೆ ವಾಸು ಕಂಡ. ಟವೆಲನ್ನು ಮಡಿಸಿ ಕುರ್ಚಿಯ ಮೇಲಿಟ್ಟ. ಚಪ್ಪಲಿ ಹುಡುಕಲಿಲ್ಲ. ಗೇಟು ದಾಟಿದ.

“ಅವನ್ನ ಹಿಡೀರಿ!” ಎಂದು ರಾಣಿ ಕೂಗಿದಳು. ಅದೇ ಹೊತ್ತಿಗೆ ಚಟ್ಟ ಎತ್ತಿದರು, ತಮಟೆಗೆ ಏಟು ಬಿತ್ತು. ಅವಳ ಬಾಯಿ ಆಡಿದ್ದು ಕಂಡಿತೇ ಹೊರತು ಮಾತು ಯಾರಿಗೂ ಕೇಳಲಿಲ್ಲ. ಕೊಸರಿಕೊಂಡಷ್ಟೂ ಹೆಂಗಸರು ಬಿಗಿ ಹಿಡಿದರು. “ಹೆಂಗಸ್ರು ಮಣ್ಣಿಗೆ ಬರಂಗಿಲ್ಲ ಕಣೇ, ಸಮಾಧಾನ ಮಾಡ್ಕೊ,” ಎಂದು ಪಿಳ್ಳಮ್ಮ ಅವಳ ಕಿವಿಯಲ್ಲಿ ಕಿರುಚಿದಳು.

ರಾಣಿ ಅವಳ ಕೈಯನ್ನು ಕಚ್ಚಿದಳು.

ಮೆರವಣಿಗೆ ಪುರಿ ಎರಚುತ್ತ ಎಡಕ್ಕೆ ತಿರುಗಿತ್ತು. ರಾಣಿ ಬಿಚ್ಚಿದ ತುರುಬಿನಲ್ಲಿ, ಬರಿಗಾಲಲ್ಲಿ ಬಲಕ್ಕೆ ಓಡಿದಳು. ಅತ್ತೆಯ ಸಾವಿಗೆ ಸೊಸೆಗೆ ಬುದ್ಧಿಯೇ ಕೆಟ್ಟಿತು ಎಂದು ನೋಡಿದವರು ಮರುಗಿದರು. ಪಕ್ಕದ ಅಪಾರ್ಟ್‌ಮೆಂಟಿನ ಕಾಂಪೌಂಡು ಮುಗಿಯುವ ತಿರುವಿನಲ್ಲಿ ವಾಸು ಸಿಕ್ಕಿದ. ಅವಳು ಹಿಂದಿನಿಂದ ಅವನ ಅಂಗಿ ಹಿಡಿದಳು.

“ಬಿಡಮ್ಮ. ಎಲ್ಲೂ ಹೋಗಲ್ಲ. ಮೇನ್ ರೋಡ್ ತನಕ ಹೋಗಿ ಬಂದ್‌ಬಿಡ್ತೀನಿ.”

ಅವಳಿಗೆ ಉಸಿರು ಸಿಗುತ್ತಿರಲಿಲ್ಲ. “ಅಜ್ಜಿಗೂ ಹಿಂಗೇ ಅಂತಿದ್ಯಾ?”

“ಹೂಂ. ದಿನಾ.”

“ಅವ್ರೇನಂತಿದ್ರು?”

“ಓಗಿ ಬಾರಪ್ಪ ಅಂತಿದ್ಲು. ಹಿಂದೇನೇ ಬರ್ತಿದ್ಲು.”

ಒಂದು ಸ್ಕೂಟರು ಹಾರ್ನ್ ಹೊಡೆಯಿತು. ಅದರ ಹಿಂದೆ ನೀರಿನ ಟ್ಯಾಂಕರು ನಿಂತಿತು. “ಏನ್ ಆಂಟಿ, ರೋಡ್ ಮಧ್ಯ!” ಎಂದು ಯಾರೋ ಬೈದರು. ವಾಸು ಒಂದು ಹೆಜ್ಜೆ ಮುಂದಿಟ್ಟ. ಅಂಗಿಯ ಹೊಲಿಗೆ ಪರಪರನೆ ಬಿಚ್ಚಿಕೊಂಡಿತು. ರಾಣಿ ಬಟ್ಟೆಯನ್ನು ಬಿಟ್ಟು, ಎರಡೂ ತೋಳುಗಳಿಂದ ಅವನ ಸೊಂಟ ಬಳಸಿ, ಕಾದ ಡಾಂಬರಿನ ಮೇಲೆ ಕುಸಿದು ಕೂತಳು.