ಎರಡು ಎಡಗೆನ್ನೆಯ ನಾಯಕಿ

ಚಿತ್ರಗಾರನ ಮೇಜಿನ ಮೇಲಿದ್ದ ಬಣ್ಣದ ಸೀಸೆ, ನೀರಿನ ಲೋಟ, ಒರೆಸುವ ಚಿಂದಿ ಎಲ್ಲವೂ ಒಂದೇ ದಿನದಲ್ಲಿ ಮಂಚದ ಕೆಳಗೆ ಗಡೀಪಾರಾದವು. ಆ ಜಾಗದಲ್ಲಿ ಕಂಪ್ಯೂಟರ್ ಬಂದು ಕೂತಿತು. ಅದರೊಳಗೆ ಚಿತ್ರ ಬರೆಯುವ ಹೊಚ್ಚಹೊಸ ಸಾಫ್ಟ್‌ವೇರ್. ಮುನ್ನೂರು ಬಗೆಯ ಬ್ರಷ್ಷುಗಳಿದ್ದವು, ಒಂದಕ್ಕೂ ಕೂದಲಿರಲಿಲ್ಲ. ಜಲವರ್ಣವಿತ್ತು, ನೀರು ಬೇಕಿರಲಿಲ್ಲ. ತಪ್ಪು ಗೆರೆ ಎಳೆದರೆ ಅಳಿಸುವ ರಗಳೆಯಿಲ್ಲ. ಒಂದು ಗುಂಡಿ ಒತ್ತಿದರೆ ಆ ತಪ್ಪು ಯಾವತ್ತೂ ಆಗಿಯೇ ಇರಲಿಲ್ಲ. ಸಂಸಾರಕ್ಕೂ ಅಂಥದೊಂದು ಗುಂಡಿ ಇದ್ದಿದ್ದರೆ ಈ ಕಥೆ ಹೇಳುವ ಅಗತ್ಯ ಬೀಳುತ್ತಿರಲಿಲ್ಲ.

ಅದನ್ನು ಕೊಟ್ಟವರು ವಾರಪತ್ರಿಕೆಯ ಸಂಪಾದಕರು. ಅವರಿಗದು ಪುಕ್ಕಟೆಯಾಗಿ ಬಂದಿತ್ತು, ಪುಕ್ಕಟೆ ಬಂದ ಯಾವುದರ ಬಗ್ಗೆಯೂ ಅವರಿಗೆ ಕೆಟ್ಟ ಅಭಿಪ್ರಾಯವಿದ್ದದ್ದು ಯಾರೂ ಕಂಡಿಲ್ಲ.

"ಒಂದು ವಾರ ಬಳಸಿ ನೋಡಿ, ಮೊದಲ ಅನಿಸಿಕೆ ಅಂತ ಅರ್ಧ ಪುಟ ಬರ್ಕೊಡಿ," ಎಂದಿದ್ದರು. "ಹಾಗೇ ವಿಶೇಷಾಂಕದ ಮುಖಪುಟಾನೂ ಅದರಲ್ಲೇ ಮಾಡಿಬಿಡಿ. ನಮ್ಮ ಧಾರಾವಾಹಿ ನಾಯಕಿ ಯಾವಾಗ್ಲೂ ಒಂದು ಕಡೆ ತಿರುಗೇ ಇರ್ತಾಳೆ. ಈ ಸಲ ಓದುಗರನ್ನ ನೇರವಾಗಿ ನೋಡ್ಲಿ."

ಧಾರಾವಾಹಿಯ ನಾಯಕಿ ಎಂದರೆ ಚಿತ್ರಗಾರನ ಹೆಂಡತಿ. ಕಷ್ಟಸುಖ ಕಥೆಗಾರರದು, ಮುಖ ಇವಳದು. ಮದುವೆಯಾದಾಗಿನಿಂದ ವಾರಕ್ಕೊಮ್ಮೆ ಅವಳು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದಳು. ಎಡಗೆನ್ನೆ ಬೆಳಕಿಗೆ, ಬಲಗಣ್ಣು ಅಡುಗೆಮನೆಯ ಒಲೆಗೆ. ಹಾಲು ಉಕ್ಕಿದರೆ ಗೊತ್ತಾಗಬೇಕಲ್ಲ. ಅಷ್ಟು ಹೊತ್ತೂ ಅವಳು ಮಾತಾಡುತ್ತಿದ್ದಳು, ಅವನು ಹೂಂಗುಟ್ಟುತ್ತಿದ್ದ. ಉಳಿದ ದಿನಗಳಲ್ಲಿ ಆ ಹೂಂಗೂ ಬರವೇ. ಬೀದಿ ಕೊನೆಯ ಬೇಕರಿಯವನು "ಏನಮ್ಮಾ, ಈ ವಾರ ತುಂಬಾ ಅಳ್ತಿದ್ದೀರಿ?" ಎಂದರೆ ಸಾಕು, ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆ ಮನೆಯಲ್ಲಿ ಅವಳು ತನ್ನದೆಂದುಕೊಂಡಿದ್ದ ಜಾಗ ಆ ಕುರ್ಚಿಯೊಂದೇ.

ಚಿತ್ರಗಾರ ಮೊದಲೆರಡು ದಿನ ತಿಪ್ಪರಲಾಗ ಹಾಕಿದ. ಕಾಗದವನ್ನು ತಿರುಗಿಸಿ ತಿರುಗಿಸಿ ಗೆರೆ ಎಳೆದು ರೂಢಿಯಾದ ಕೈ; ಕಂಪ್ಯೂಟರ್ ಜೊತೆ ಗೆರೆ ಎಳೆಯಲೆಂದು ಬಂದಿದ್ದ ಪ್ಲಾಸ್ಟಿಕ್ಕಿನ ಪ್ಯಾಡನ್ನೂ ಹಾಗೇ ತಿರುಗಿಸಿದ. ಮೂಗಿಗೆಂದು ಎಳೆದ ಗೆರೆ ಕಿವಿಯ ಕಡೆ ಓಡಿತು. ಬಣ್ಣ ಒಣಗಲೆಂದು ಪರದೆಗೆ ಉಫ್ ಉಫ್ ಎಂದು ಊದಿದ. ಅಡುಗೆಮನೆಯಿಂದ ನೋಡುತ್ತಿದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, "ಬಿಸಿಯಾಗಿದ್ಯಾ ಅಳಿಯಂದ್ರೇ?" ಎಂದು ಕೇಳಿದರು.

ಮೂರನೆಯ ದಿನ ಅವನಿಗೆ ಕನ್ನಡಿ ಗುಂಡಿ ಸಿಕ್ಕಿತು. ಅದನ್ನೊತ್ತಿ ಅರ್ಧ ಮುಖ ಬರೆದರೆ ಇನ್ನರ್ಧ ತಾನಾಗಿಯೇ ಮೂಡುತ್ತದೆ. ಅರ್ಧ ಕೆಲಸಕ್ಕೆ ಪೂರ್ತಿ ಫಲ. ಯಾವ ಗಂಡಸಿಗೆ ಬೇಡ?

ಅಷ್ಟರಲ್ಲಿ ಹೆಂಡತಿ ತಲೆ ಬಾಚಿಕೊಂಡು ಬಂದು, "ಕೂರ್ಲಾ?" ಎಂದಳು.

"ಬೇಡ ಕಣೇ, ಇನ್ಮೇಲೆ ನೀನು ಕೂರೋದೇ ಬೇಡ," ಎಂದ ಅವನು ಧಾರಾಳವಾಗಿ. "ನಿನ್ನ ಮುಖ ನನಗೆ ಬಾಯಿಪಾಠ ಆಗಿದೆ. ಹೋಗು, ಆರಾಮಾಗಿರು."

ದೊಡ್ಡ ಉಪಕಾರ ಮಾಡಿದೆನೆಂದೇ ಅವನು ನಂಬಿದ್ದ. ಅವಳು ಒಗೆದ ಬಟ್ಟೆಯ ರಾಶಿಯನ್ನು ತಂದು ಆ ಕುರ್ಚಿಯ ಮೇಲೆ ಹಾಕಿ ಒಳಗೆ ಹೋದಳು.

ಸಂಜೆಗೆ ಮುಖಪುಟ ಸಿದ್ಧವಾಯಿತು. ಅನಿಸಿಕೆಯೂ ಸಿದ್ಧವಾಯಿತು: "ಕಲಾವಿದನಿಗೆ ಇನ್ನು ಎದುರಿಗೆ ಯಾರೂ ಕೂರುವ ಅವಶ್ಯಕತೆಯಿಲ್ಲ." ತನ್ನ ವಾಕ್ಯಕ್ಕೆ ತಾನೇ ತಲೆದೂಗಿ, ಅತ್ತೆಯನ್ನೂ ಹೆಂಡತಿಯನ್ನೂ ಕೂಗಿ ಕರೆದ.

ಪರದೆಯ ಮೇಲೊಬ್ಬ ಸುಂದರಿ. ಮುಖ ತಕ್ಕಡಿಯಲ್ಲಿ ತೂಗಿದ ಹಾಗೆ ಸರಿಸಮ. ಹೆಂಡತಿ ಒಂದು ಗಳಿಗೆ ನೋಡಿದಳು.

"ಯಾರ್ರೀ ಇವಳು?"

"ಯಾರು ಅಂದ್ರೆ? ನೀನೇ."

"ನಾನಾ? ನನ್ನ ಮುಖ ನನಗೆ ಗೊತ್ತಿಲ್ವಾ? ನನ್ನನ್ನ ಕೂರ್ಬೇಡ ಅಂದಿದ್ದು ಇದಕ್ಕೇನಾ? ಎಲ್ಲಿ ಕೂತಿದ್ಲು ಇವಳು?"

ಅತ್ತೆ ಕನ್ನಡಕ ಸರಿಮಾಡಿಕೊಂಡು ಪರದೆಗೆ ಮೂಗು ತಾಗಿಸಿದರು. "ಒಳ್ಳೇ ಮನೆಯವಳ ಹಾಗೇ ಕಾಣ್ತಾಳೆ," ಎಂದು ಉರಿಯುವ ಬೆಂಕಿಗೆ ಎಣ್ಣೆ ಸುರಿದು, ಸದ್ದಿಲ್ಲದೆ ಒಳಗೆ ಹೋದರು.

ಇಲ್ಲದ ಹೆಂಗಸನ್ನು ಇಲ್ಲವೆಂದು ಸಾಬೀತು ಮಾಡುವುದು ಸುಲಭವಲ್ಲ. ಚಿತ್ರಗಾರ ಬೆವರಿದ. ಕೊನೆಗೆ ಒಂದು ರಟ್ಟು ತಂದು ಅರ್ಧ ಪರದೆಗೆ ಅಡ್ಡ ಹಿಡಿದ. "ಈಗ ನೋಡು. ಇದು ನಿನ್ನ ಎಡಗಡೆ. ಹೌದೋ ಅಲ್ವೋ?"

ಹೌದು, ಅವಳದೇ. ಅದೇ ಕಣ್ಣು, ತುಟಿಯ ಅದೇ ಕೊಂಕು.

"ಇದನ್ನೇ ಮಗುಚಿ ಆ ಕಡೆಗೂ ಹಾಕಿದ್ದೀನಿ. ಗುಂಡಿ ಒತ್ತಿದ್ರೆ ಅದೇ ಮಾಡುತ್ತೆ. ಎರಡೂ ನಿನ್ನ ಎಡಗೆನ್ನೆಯೇ. ಸಾಕಾ?"

ಗೆದ್ದೆನೆಂದುಕೊಂಡ ಬಡಪಾಯಿ.

"ಅಂದ್ರೆ ನನ್ನ ಬಲಗಡೆಗೆ ಏನಾಗಿತ್ತು?"

"ಏನೂ ಆಗಿಲ್ಲ. ಬಲಗಡೆಯೂ ಚೆನ್ನಾಗೇ ಇದೆ."

"ಹೌದಾ?" ಅವಳು ಬಲಗೈಯನ್ನು ಬಲಗೆನ್ನೆಗೆ ಅಡ್ಡ ಹಿಡಿದುಕೊಂಡಳು. "ಹೇಗಿದೆ, ಹೇಳಿ ನೋಡೋಣ. ಬಾಯಿಪಾಠ ಅಲ್ವಾ?"

ಚಿತ್ರಗಾರ ಬಾಯಿ ತೆರೆದ. ಹುಬ್ಬು... ಹುಬ್ಬಿತ್ತು, ಸಂಶಯವಿಲ್ಲ. ಕಿವಿ ಇತ್ತು. ಅದರಾಚೆಗೆ ಒಂದು ಗೆರೆಯೂ ನೆನಪಾಗಲಿಲ್ಲ. ಅವನಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ, ಒಂದೇ ದಿಂಬಿನ ಪಕ್ಕ ಇದ್ದವನು ಕಂಡದ್ದು ಅರ್ಧ ಹೆಂಡತಿಯನ್ನು.

ಅವನೇ ಎದ್ದು ಕುರ್ಚಿಯ ಮೇಲಿನ ಬಟ್ಟೆ ತೆಗೆದ. ಕುರ್ಚಿಯನ್ನು ಇನ್ನೊಂದು ಕಡೆಗೆ ತಿರುಗಿಸಿದ. "ಕೂತ್ಕೋ. ದಮ್ಮಯ್ಯ."

ಅವಳು ಕೈ ತೆಗೆದು ಕೂತಳು. ಬಲಗಡೆ ಬೆಳಕಿಗೆ ಬಂತು. ಕೆನ್ನೆಯ ಮೇಲೆ ಅವನು ನೋಡಿರದ ಒಂದು ಮಚ್ಚೆ. ಕಿವಿಯ ಮೇಲಿನಿಂದ ಹಿಂದಕ್ಕೆ ಬಾಚಿದ ಕೂದಲು ಪೂರ್ತಿ ನರೆತಿತ್ತು. ಎಡಗಡೆ ಕಪ್ಪು, ಬಲಗಡೆ ಬಿಳಿ.

"ಈ ಕಡೆಗೆ ಯಾಕೆ ಬಣ್ಣ ಹಚ್ಚಿಲ್ಲ?" ಎಂದು ಕೇಳಿದ.

"ಯಾರಿಗೆ ಅಂತ ಹಚ್ಚಲಿ?" ಎಂದಳು ಅವಳು ಒಲೆಯ ಕಡೆ ಕಣ್ಣು ಹಾಯಿಸದೆ, ನೇರವಾಗಿ ಅವನನ್ನೇ ನೋಡುತ್ತ. "ನೀವು ನೋಡೋ ಕಡೆಗೆ ಹಚ್ಕೊಂಡಿದ್ದೀನಲ್ಲ. ಒಂದು ಪೊಟ್ಟಣ ಎರಡು ಸಲಕ್ಕೆ ಬರುತ್ತೆ."

ಅವನು ಕನ್ನಡಿ ಗುಂಡಿಯನ್ನು ಬಂದ್ ಮಾಡಿದ. ಎಡಗೆನ್ನೆಯನ್ನು ಉಳಿಸಿಕೊಂಡು ಬಲಗೆನ್ನೆಯನ್ನು ಮೊದಲಿನಿಂದ ಬರೆದ. ತಪ್ಪಿದ, ತಪ್ಪಳಿಸುವ ಗುಂಡಿ ಒತ್ತಿದ, ಮತ್ತೆ ಬರೆದ. ಒಳಗೆ ಹಾಲು ಉಕ್ಕಿ ಹರಿಯಿತು. ಅತ್ತೆ ಬೈದುಕೊಂಡು ಒರೆಸಿದರು. ಇವರಿಬ್ಬರೂ ಏಳಲಿಲ್ಲ.

ಮುಖಪುಟ ತಲುಪಿದ ಕೂಡಲೇ ಸಂಪಾದಕರ ಫೋನ್ ಬಂತು.

"ಏನ್ರೀ ಇದು, ನಾಯಕಿಗೆ ಒಂದೇ ವಾರದಲ್ಲಿ ಇಷ್ಟು ವಯಸ್ಸಾಗಿಬಿಡ್ತಾ? ಇದು ಸಾಫ್ಟ್‌ವೇರ್ ತಪ್ಪಾ?"

"ಅಲ್ಲ ಸಾರ್," ಎಂದ ಚಿತ್ರಗಾರ, ಕುರ್ಚಿಯ ಕಡೆ ನೋಡುತ್ತ. "ವಯಸ್ಸು ನಿಧಾನಕ್ಕೇ ಆಗಿದೆ. ನಾನು ನೋಡಿದ್ದು ಈ ವಾರ."