ಕದಿರಪ್ಪನ ಜ್ವರದ ಸ್ಲೇಟು

ಎರಡು ವರ್ಷದ ಹಿಂದೆ ರೇಷ್ಮೆ ಹುಳದ ಮನೆ ಶೀಟ್ ಸರಿ ಮಾಡೋಕೆ ಹತ್ತಿದ ಕದಿರಪ್ಪ ಜಾರಿ ಬಿದ್ದ. ಬೆನ್ನುಹುರಿಗೆ ಏಟಾಗಿ ಸೊಂಟದ ಕೆಳಗೆ ಬಂದ್. ಹಂಗಂತ ಪೂರ್ತಿ ಬಂದ್ ಅಲ್ಲ. ಇರುವೆ ಕಚ್ಚಿದ್ರೂ ಗೊತ್ತಾಗದ ಕಾಲಲ್ಲಿ ಮೆಣಸಿನಪುಡಿ ತಿಕ್ಕಿದಂಗೆ ಉರಿ.

"ನಡೆಯೋಕೆ ಕರೆದ್ರೆ ರಜ, ಉರಿಯೋಕೆ ಮಾತ್ರ ಹಾಜರು. ನನ್ನ ಕಾಲು ಸರ್ಕಾರಿ ಕೆಲಸಕ್ಕೆ ಸೇರಿಬಿಟ್ಟವೆ" ಅಂತಿದ್ದ.

ಉರಿ ಕಮ್ಮಿ ಇದ್ದ ದಿನ ಗಾಲಿಕುರ್ಚೀಲಿ ಕೂತು ಬೆಳಗಿಂದ ಸಂಜೆವರೆಗೂ ಹುಳಕ್ಕೆ ಸೊಪ್ಪು ಹಾಕೋನು. ಆಮೇಲೆ ಮೂರು ದಿನ ಹಾಸಿಗೇಲಿ. ಮಾತ್ರೆನೂ ಅಷ್ಟೇ, ಹಲ್ಲು ಕಚ್ಚಿ ತಡೆದು, ಇನ್ನಾಗಲ್ಲ ಅಂದಾಗ ನುಂಗೋನು.

ಹೆಂಡ್ತಿ ಗಂಗರತ್ನಮ್ಮನಿಗೆ ಸಾಕಾಯ್ತು. "ಈ ಬೆಳೆಗೂ ನೀನು ಹಾಸಿಗೆ ಹಿಡಿದ್ರೆ, ಹುಳದ ಮನೆ ನನ್ನ ತಮ್ಮಂಗೆ ಕೊಟ್ಬಿಡ್ತೀನಿ. ಕೋಳಿ ಸಾಕ್ತಾನಂತೆ."

ಹುಳದ ಮನೆ ಹೋದ್ರೆ ಕದಿರಪ್ಪನಿಗೆ ಉಳಿಯೋದು ಟಿವಿ ಧಾರಾವಾಹಿ. ಅದಕ್ಕಿಂತ ಉರಿನೇ ವಾಸಿ.

ಮುಳಬಾಗಿಲಿಂದ ಫಿಸಿಯೋಥೆರಪಿ ಮಾಡೋ ಮೌನಿಕಾ ಬಂದ್ಲು. "ಅರ್ಧ ಗಂಟೆ ಕೆಲಸ, ಕಾಲು ಗಂಟೆ ಮಲಗಿ. ನೋವು ಜಾಸ್ತಿಯಾಗೋಕೆ ಮುಂಚೇನೇ. ಮಾತ್ರೆ ಡಾಕ್ಟ್ರು ಬರೆದ ಟೈಮಿಗೇ ತಗೊಳ್ಳಿ."

"ಇರೋ ಎರಡು ಕಾಲೇ ಸಾಕಾಗೈತೆ, ಇನ್ನೊಂದು ಕಾಲು ಗಂಟೆ ಬೇರೆನಾ? ಸುಮ್ಮಸುಮ್ಮನೆ ಮಲಗಿದ್ರೆ ಊರೋರು ಸೋಮಾರಿ ಅನ್ನಲ್ವೇನಮ್ಮ?"

ಸೊಪ್ಪಿನ ಕಟ್ಟು ಇಳಿಸ್ತಿದ್ದ ಗಂಗರತ್ನಮ್ಮ ತಿರುಗಿದ್ಲು. "ಹುಳ ಹಸಿವು ಅಂತ ಕೂಗಿದ್ಮೇಲೆ ಸೊಪ್ಪು ಹಾಕ್ತೀಯೇನಯ್ಯ? ಜ್ವರಕ್ಕೆ ಕೂತಾಗ ಎಬ್ಬಿಸಿ ತಿನ್ನಿಸ್ತೀಯಾ?"

ಪೊರೆ ಬಿಡೋಕೆ ಮುಂಚೆ ಹುಳ ಮೇಯೋದು ಬಿಟ್ಟು, ತಲೆ ಎತ್ಕೊಂಡು ಸುಮ್ಮನೆ ಕೂರುತ್ತೆ. ಅದನ್ನೇ ಜ್ವರ ಅನ್ನೋದು. ಆಗ ಸೊಪ್ಪೂ ಹಾಕಲ್ಲ, ಯಾರೂ ಮುಟ್ಟೋದೂ ಇಲ್ಲ. ಎದ್ದ ಮೇಲೆ ಎರಡರಷ್ಟು ಮೇಯುತ್ತೆ.

ಕದಿರಪ್ಪ ತಲೆ ಕೆರ್ಕೊಂಡ. ಇಪ್ಪತ್ತು ವರ್ಷ ಹುಳಕ್ಕೆ ಕೊಟ್ಟ ಮರ್ಯಾದೆ ತನ್ನ ಮೈಗೆ ಒಂದಿನಾನೂ ಕೊಟ್ಟಿರಲಿಲ್ಲ.

ಮಾರನೇ ದಿನ ಕುರ್ಚಿಗೊಂದು ಸ್ಲೇಟು ತಗಲಾಕಿದ. ಒಂದು ಕಡೆ 'ಮೇವು', ಇನ್ನೊಂದು ಕಡೆ 'ಜ್ವರ'. ಫೋನಲ್ಲಿ ಅಲಾರಂ. ಮೊದಲನೇ ವಾರ ಉರಿ ಜಗ್ಗಲಿಲ್ಲ. ಎರಡನೇ ವಾರವೂ ಸಂಜೆಯಾದ್ರೆ ಬರ್ತಿತ್ತು. ಆದ್ರೆ ಮೊದಲು ಯಜಮಾನನಂಗೆ ಬರ್ತಿದ್ದದ್ದು ಈಗ ನೆಂಟನಂಗೆ ಬಂತು, ಸ್ವಲ್ಪ ಹೊತ್ತು ಕೂತು ಎದ್ದು ಹೋಯ್ತು.

ಹುಳ ಮೇಯೋದು ಮುಗಿಸಿ ಹಣ್ಣಾದ ದಿನ ಮನೆ ತುಂಬ ಗಡಿಬಿಡಿ. ಗೂಡು ಕಟ್ಟೋ ಹುಳಾನ ಆರಿಸಿ ಬಿದಿರಿನ ಚಾಪೆಯಂಥ ಚಂದ್ರಿಕೆಗೆ ಬಿಡಬೇಕು. ಅವತ್ತೇ ಗಂಗರತ್ನಮ್ಮನ ತಮ್ಮ ಮುನಿಕೃಷ್ಣಪ್ಪ ಕೋಳಿ ಮನೆಗೆ ಅಂತ ಅಳತೆ ಟೇಪ್ ಹಿಡಿದು ಬಂದ. ಕದಿರಪ್ಪ ಮಲಗಿದ್ದು ನೋಡಿ ಮುಖ ಅರಳ್ತು.

"ಭಾವ ಹಾಸಿಗೆ ಹಿಡಿದ್ರಾ?"

"ಲೇ, ಮೊದ್ಲು ಕಾಲು ತೊಳ್ಕೊಂಡು ಬಾ. ಮಾತಾಡಿಸ್ಬೇಡ, ಇನ್ನ ಐದು ನಿಮಿಷ ಐತೆ" ಅಂದ್ಲು ಅಕ್ಕ.

ಅಲಾರಂ ಹೊಡೀತು. ಕದಿರಪ್ಪ ತೋಳು ಊರಿ ಕುರ್ಚಿಗೆ ಜರುಗಿದ, ಸ್ಲೇಟು ತಿರುಗಿಸಿದ.

"ಟೇಪ್ ಜೇಬಲ್ಲಿಡು. ಆ ಚಂದ್ರಿಕೆ ಹಿಡ್ಕೋ."

"ಉರಿ ಹೋಯ್ತಾ ಭಾವ?"

"ಎಲ್ಲಿ ಹೋಗುತ್ತೆ? ಅದೂ ಇರ್ಲಿ, ನೀನೂ ಇರು. ಇವತ್ತು ಜನ ಸಾಲ್ತಿಲ್ಲ."