ಹಿಜ್ಕೀಯ ಕೇಳದ ವರ್ಷಗಳು

ನಮ್ಮೂರ ಚರ್ಚಿನ ಮುಂದೆ ಹನ್ನೊಂದು ಕಲ್ಲುಮೆಟ್ಟಿಲುಗಳಿದ್ದವು. ಹೊತ್ತು ಇಳಿದಂತೆ ಗಂಟೆಗೋಪುರದ ನೆರಳು ಒಂದೊಂದೇ ಮೆಟ್ಟಿಲಿಳಿದು ಬೀದಿಗೆ ಬರುತ್ತಿತ್ತು. ಅಲ್ಲಿ ಉಪದೇಶಿಯಾಗಿದ್ದ ನನ್ನ ಅಪ್ಪ ಅದನ್ನೇ ನೋಡುತ್ತ ಕೂತಿರುತ್ತಿದ್ದರು. ಉಪದೇಶಿಗಳು ಧ್ಯಾನದಲ್ಲಿದ್ದಾರೆ ಎಂದು ಜನ ತಗ್ಗಿದ ದನಿಯಲ್ಲಿ ಹಾದುಹೋಗುತ್ತಿದ್ದರು. ಧ್ಯಾನವೂ ಇಲ್ಲ, ಮಣ್ಣೂ ಇಲ್ಲ. ಅಪ್ಪ ಹೆದರಿ ಕೂತಿರುತ್ತಿದ್ದರು.

ನಾನು ಏಳು ವರ್ಷದವಳಿದ್ದಾಗ ಅವ್ವನಿಗೆ ವಿಷಮಶೀತಜ್ವರ ಬಂದು, ಆಸ್ಪತ್ರೆಯವರು "ಮನೀಗೆ ಕರಕೊಂಡು ಹೋಗ್ರಿ" ಎಂದು ಕೈಚೆಲ್ಲಿದರು. ಆ ಭಾನುವಾರ ಅಪ್ಪ ಬೋಧಿಸಬೇಕಿದ್ದದ್ದು ಹಿಜ್ಕೀಯ ರಾಜನ ಕತೆ. ಸಾಯುವ ಕಾಯಿಲೆ ಬಿದ್ದಿದ್ದ ಆ ರಾಜನಿಗೆ ದೇವರು ಹದಿನೈದು ವರ್ಷ ಆಯುಸ್ಸು ಕೂಡಿಸಿದ; ಗುರುತಿಗಾಗಿ ಮೆಟ್ಟಿಲ ಮೇಲಿನ ನೆರಳನ್ನು ಹತ್ತು ಮೆಟ್ಟಿಲು ಹಿಂದಕ್ಕೆ ಸರಿಸಿದ. ಅಪ್ಪನಿಗೆ ಕತೆ ಮುಗಿಸಲಾಗಲಿಲ್ಲ. ಪೀಠದ ಮುಂದೆ ಮೊಣಕಾಲೂರಿ, ಬಿಕ್ಕಿ ಬಿಕ್ಕಿ ಅತ್ತು, "ಕರ್ತನೇ, ಹಿಜ್ಕೀಯಗ ಕೊಟ್ಟಂಗ ನನ್ನ ಸಲೋಮಿಗೂ ಹದಿನೈದು ವರ್ಷ ಕೊಡಪ್ಪಾ" ಎಂದರು. ಸಭೆಯೆಲ್ಲ "ಆಮೆನ್" ಎಂದಿತು. ಬುಧವಾರ ಜ್ವರ ಬಿಟ್ಟಿತು.

ಕೃತಜ್ಞತೆಯ ಊಟದ ದಿನ ಅಜ್ಜಿ ಪಾಯಸ ಬಡಿಸುತ್ತ, "ಐವತ್ತು ಕೇಳಬೇಕಿತ್ತಲ್ಲೋ ತಮ್ಮಾ, ಬಾಯಿಗೇನು ಬರ ಬಂದಿತ್ತು?" ಎಂದಳು. ಎಲ್ಲರೂ ನಕ್ಕರು. ಅಪ್ಪನ ಕೈ ಮಾತ್ರ ಎಲೆಯ ಮೇಲೇ ನಿಂತಿತು.

ಇನ್ನಷ್ಟು ವರ್ಷ ಬೇಡಿಕೊಳ್ಳಬಾರದೇ ಎಂದು ದೊಡ್ಡವಳಾದ ಮೇಲೆ ನಾನು ಕೇಳಿದ್ದುಂಟು. "ಬೇಡಿದ್ದನ್ನ ಕೊಟ್ಟಾನವ್ವಾ. ಮತ್ತ ಯಾವ ಮಾರಿ ಇಟ್ಕೊಂಡು ಕೇಳ್ಲಿ? ಅಂವ ಮಾತಿಗೆ ತಪ್ಪಂಗಿಲ್ಲ" ಎಂದರು. ದೇವರು ನಂಬಿಗಸ್ತನೆಂದು ಊರೂರು ಸಾರಿದ ಮನುಷ್ಯನಿಗೆ ಆ ನಂಬಿಗಸ್ತಿಕೆಯೇ ಕುತ್ತಿಗೆಗೆ ಬಂದಿತ್ತು.

ಅವ್ವ ಕೊಡ ಎತ್ತುವಂತಿಲ್ಲ, ತನ್ನ ತಂಗಿಯ ಊರಿಗೆ ಹೋಗುವಂತಿಲ್ಲ. ಅವಳು ಸೀನಿದರೆ ಅಪ್ಪನ ಮುಖ ಬಿಳಿಚಿಕೊಳ್ಳುತ್ತಿತ್ತು. ಜಗಳಕ್ಕೆ ಕರೆದರೂ ಅವರು ಬರುತ್ತಿರಲಿಲ್ಲ. ಆ ಪ್ರಾರ್ಥನೆಯಾದ ಹದಿನಾಲ್ಕನೆಯ ವರ್ಷ, "ನಿಮ್ಮವ್ವ ನೋಡ್ಲಿ" ಎಂದು ಗಡಿಬಿಡಿಯಲ್ಲಿ ನನ್ನ ಮದುವೆ ಮಾಡಿದರು. ನನಗೆ ಸಿಟ್ಟು ಬಂದಿತ್ತು. ಆದರೆ ಅವರ ಕಣ್ಣು ನೋಡಿದ ಮೇಲೆ ಒಪ್ಪಿಕೊಂಡೆ.

ಹದಿನೈದು ತುಂಬುವ ದಿನ ನಾನು ತವರಿಗೆ ಬಂದೆ. ಅಪ್ಪ ಮಧ್ಯಾಹ್ನದಿಂದ ಮೆಟ್ಟಿಲ ಮೇಲಿದ್ದರು; ಊಟ ಮುಟ್ಟಿರಲಿಲ್ಲ. ನಾನು ಪಕ್ಕದಲ್ಲಿ ನಿಂತಿದ್ದೆ. ನೆರಳು ಏಳನೆಯ ಮೆಟ್ಟಿಲಿಗೆ ಇಳಿದಾಗ ಅವ್ವ ಹಿಟ್ಟಿನ ಕೈಯಲ್ಲೇ ಬಂದು ಅಪ್ಪನ ಬಳಿ ಕುಳಿತಳು.

"ಇವತ್ತ ಮುಗೀತದಲ್ಲ?"

ಅಪ್ಪ ಬೆಚ್ಚಿದರು. ಮುಗಿಯುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. "ನನ್ನ ತಪ್ಪು, ಸಲೋಮಿ. ಹದಿನೈದು ಅಂದುಬಿಟ್ಟೆ."

"ರೀ, ಇಷ್ಟು ವರ್ಷ ಅದನ್ನ ಬೋಧಿಸಿದ್ರಿ. ಹಿಜ್ಕೀಯ ಹದಿನೈದು ಅಂತ ಕೇಳ್ಯಾನೇನು? ಗ್ವಾಡಿ ಕಡೆ ಮಾರಿ ಮಾಡಿ, ನನ್ನ ನೆನಸ್ಕೋ ಅಂತ ಅತ್ತ. ಅಷ್ಟ. ಹದಿನೈದು ಅಂದಾಂವ ದೇವರು."

ಆ ಅಧ್ಯಾಯ ಅಪ್ಪನಿಗೆ ಬಾಯಿಪಾಠವಿತ್ತು.

"ನೀವೂ ಅವತ್ತ ಅತ್ತಿದ್ರಂತಲ್ಲ. ಅಂವ ಕೇಳಿಸ್ಕೊಂಡಿದ್ದು ಅದನ್ನ ಇರಬೇಕು" ಎಂದಳು ಅವ್ವ.

"ಹಂಗಾದ್ರ ಎಷ್ಟು ಕೊಟ್ಟಾನ?"

"ನನಗೇನ ಗೊತ್ತು? ಏಳ್ರಿ, ರೊಟ್ಟಿ ಆರ್ತಾವ."

ಆಮೇಲೆ ಅವ್ವ ಇದ್ದದ್ದು ಐದು ತಿಂಗಳು. ಅಪ್ಪ ಅವಳನ್ನು ತಂಗಿಯ ಊರಿಗೆ ಕರೆದುಕೊಂಡು ಹೋದರು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಜಗಳ ಆಡಿದರು. ಅವ್ವ ಖುಷಿಯಿಂದ ಎರಡು ದಿನ ಮಾತು ಬಿಟ್ಟಳು. ಒಂದು ಮುಂಜಾನೆ ನೀರಿನ ಕೊಡ ಇಳಿಸಿ ಕಂಬಕ್ಕೆ ಒರಗಿದವಳು ಮತ್ತೆ ಏಳಲಿಲ್ಲ. ಅಪ್ಪ ಹತ್ತು ಹೆಜ್ಜೆ ದೂರದಲ್ಲಿ ಮಲ್ಲಿಗೆ ಗಿಡದ ಮಣ್ಣು ಸಡಿಲಿಸುತ್ತಿದ್ದರು.

ಮಣ್ಣು ಮಾಡಿ ಬಂದ ಸಂಜೆ ಅಪ್ಪ ಮನೆಯಲ್ಲಿ ಕಾಣಲಿಲ್ಲ. ಎಲ್ಲಿರುತ್ತಾರೆಂದು ನನಗೆ ಗೊತ್ತಿತ್ತು. ಚರ್ಚಿನ ಮುಂದೆ ನೆರಳು ಎಂದಿನಂತೆ ಮೆಟ್ಟಿಲಿಳಿಯುತ್ತಿತ್ತು. ಅಪ್ಪ ಅದಕ್ಕೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಅವರ ಭುಜಗಳು ಅಲುಗುತ್ತಿದ್ದವು. ದೇವರಲ್ಲಿ ಏನನ್ನೂ ಕೇಳುತ್ತಿರಲಿಲ್ಲ.